ಒಂದೇ ಕಾಡು, ಒಂದೇ ಮಳೆ, ಆದ್ರೂ ಆ ಕಪ್ಪೆ ಆ ತೊರೆ ಹತ್ರ ಮಾತ್ರ ಯಾಕೆ?

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಪುಸ್ತಕದಲ್ಲಿ ಪ್ರಪಂಚದ ಮ್ಯಾಪ್ ಕೊಟ್ಟು, ಇಷ್ಟು ಮಳೆ ಇಷ್ಟು ಬಿಸಿಲು ಇದ್ರೆ ಮಳೆಕಾಡು, ಇಷ್ಟಿದ್ರೆ ಹುಲ್ಲುಗಾವಲು, ಇಷ್ಟಿದ್ರೆ ಮರುಭೂಮಿ, ಅಲ್ಲಲ್ಲಿಗೆ ತಕ್ಕ ಪ್ರಾಣಿಗಳು ಅಂತ ಬಣ್ಣ ಹಚ್ಚಿದಾರೆ. ಅವಳು ಕೇಳ್ತಾಳೆ, ಹಂಗಾದ್ರೆ ಪೆಂಗ್ವಿನ್ ಉತ್ತರ ಧ್ರುವದಲ್ಲಿ ಯಾಕಿಲ್ಲ? ಒಂದೇ ಕಾಡೊಳಗೆ ಯಾವುದೋ ಕಪ್ಪೆ ಒಂದೇ ತೊರೆ ಹತ್ರ ಮಾತ್ರ ಸಿಗುತ್ತೆ ಅಂತಾರಲ್ಲ, ಅಲ್ಲಿ ಹವಾಮಾನ ಒಂದೇ ತಾನೇ? ಕೊನೆಗೂ ಯಾವ ಜೀವಿ ಎಲ್ಲಿರಬೇಕು ಅಂತ ತೀರ್ಮಾನ ಮಾಡೋದು ಹವಾಮಾನನೋ, ಆವಾಸಸ್ಥಾನನೋ?

ಉತ್ತರ: ಕಪ್ಪೆಯಿಂದ ಶುರು ಮಾಡ್ತೀನಿ, ಪೆಂಗ್ವಿನ್‌ಗೆ ಆಮೇಲೆ ಬರ್ತೀನಿ, ಯಾಕಂದ್ರೆ ಕಪ್ಪೆ ಅರ್ಥ ಆದ್ರೆ ಮುಕ್ಕಾಲು ಭಾಗ ಮುಗೀತು.

ನಾವು ಹವಾಮಾನ ಅಂತ ಯಾವುದನ್ನ ಕರೀತೀವೋ ಅದನ್ನ ಅಳೆಯೋದು ಹೇಗೆ ಅಂತ ಮೊದಲು ನೋಡಿ. ಬಯಲು ಜಾಗದಲ್ಲಿ, ಹುಲ್ಲಿನ ಮೇಲೆ, ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರಕ್ಕೆ ಬಿಳಿ ಬಣ್ಣ ಹೊಡೆದ ಒಂದು ಮರದ ಪೆಟ್ಟಿಗೆ ನಿಲ್ಲಿಸಿ, ಗಾಳಿ ಆಡಬೇಕು ಆದ್ರೆ ಬಿಸಿಲು ನೇರ ಬೀಳಬಾರದು ಅಂತ ಅದರ ಗೋಡೆಗೆ ಓರೆ ಪಟ್ಟಿ ಹೊಡೆದು, ಒಳಗೆ ಥರ್ಮಾಮೀಟರ್ ಇಡ್ತಾರೆ. ಆ ಅಂಕಿಗಳನ್ನ ಮೂವತ್ತು ವರ್ಷ ಬರೆದಿಟ್ಟು ಸರಾಸರಿ ತೆಗೆದ್ರೆ ನಿಮ್ಮ ಮಗಳ ಪುಸ್ತಕದ ಮ್ಯಾಪಿನ ಬಣ್ಣ ಬರುತ್ತೆ. ಊರೂರು ಹೋಲಿಸೋಕೆ ಇದು ಬಹಳ ಒಳ್ಳೆ ವಿಧಾನ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಕಪ್ಪೆ ಇರೋದು ತೊರೆ ಪಕ್ಕದ ಒಂದು ಎಲೆ ಅಡಿಯಲ್ಲಿ, ಅದರ ಚರ್ಮ ನಮ್ಮ ಥರ ನೀರು ತಡೆಯಲ್ಲ, ಆ ಚರ್ಮದಿಂದಲೂ ಅದು ಉಸಿರಾಡುತ್ತೆ, ಆ ಚರ್ಮದಿಂದಲೇ ಒಣಗುತ್ತೆ ಕೂಡ. ಅದಕ್ಕೆ ಗೊತ್ತಿರೋದು ಆ ಎಲೆ ಅಡಿ ಇರೋ ಹವೆ ಅಷ್ಟೇ. ಪೆಟ್ಟಿಗೆಯೊಳಗಿನ 34 ಡಿಗ್ರಿ ಅದಕ್ಕೆ ಸಂಬಂಧವೇ ಇಲ್ಲದ ಅಂಕಿ.

ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಂಡುಕೊಂಡಿದ್ದು ಇದೊಂದು: ಜೀವಿ ಬದುಕೋದು ತನ್ನ ಮೈಗೆ ತಾಕೋ ಹವೆಯಲ್ಲಿ. ಆಕಾಶದ ಹವಾಮಾನವನ್ನ ಮೈಗೆ ತಾಕೋ ಹವೆಯಾಗಿ ಮಾಡಿಕೊಡೋದು ಆವಾಸಸ್ಥಾನ, ಅಂದ್ರೆ ಆ ಮರ, ಆ ಕಲ್ಲು, ಆ ತರಗೆಲೆ, ಆ ನೀರು. ಅದಕ್ಕೇ ಹವಾಮಾನನೋ ಆವಾಸಸ್ಥಾನನೋ ಅಂತ ಎರಡು ತಕ್ಕಡಿಯಲ್ಲಿ ಹಾಕಿದ್ರೆ ಉತ್ತರ ಸಿಗಲ್ಲ, ಒಂದು ಇನ್ನೊಂದರ ಮೂಲಕವೇ ಆ ಪ್ರಾಣಿಗೆ ಮುಟ್ಟೋದು.

ಪೀಕಾ ಅನ್ನೋ ಪ್ರಾಣಿ ಇದೆ, ಉತ್ತರ ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ. ಮೊಲದ ಸಂಬಂಧಿ, ಆದ್ರೆ ನೋಡೋಕೆ ದುಂಡು ಇಲಿ ಥರ, ಒಂದು ಹಿಡಿಯಷ್ಟು ಗಾತ್ರ, ಸುಮಾರು 150 ಗ್ರಾಂ, ಬಾಲ ಕಾಣಲ್ಲ, ಅಂಗಾಲಿಗೂ ತುಪ್ಪಳ. ಇದರ ಮೈ ಬಿಸಿ ಸಾಮಾನ್ಯವಾಗಿ 40 ಡಿಗ್ರಿ, 43 ಆದ್ರೆ ಸತ್ತೇ ಹೋಗುತ್ತೆ, ಅಂದ್ರೆ ಅದಕ್ಕೆ ಇರೋ ಅವಕಾಶ ಬರೀ ಮೂರು ಡಿಗ್ರಿ. ಹೊರಗೆ 26-28 ಡಿಗ್ರಿ ಬಿಸಿಲಲ್ಲಿ, ನಮಗೆ ಹಿತ ಅನ್ಸೋ ಬಿಸಿಲಲ್ಲಿ, ನೆರಳಿಗೆ ಹೋಗೋಕೆ ಬಿಡದೆ ಹಿಡಿದಿಟ್ರೆ ಕೆಲವೇ ಗಂಟೆಯಲ್ಲಿ, ಕೆಲವೊಮ್ಮೆ ಅರ್ಧ ಗಂಟೆಯಲ್ಲೇ ಪ್ರಾಣ ಬಿಡುತ್ತೆ. ಹಾಗಂತ ಅದು ಇರೋ ಬೆಟ್ಟಗಳಲ್ಲಿ ಬೇಸಿಗೆ ಮಧ್ಯಾಹ್ನ ಅಷ್ಟು ಬಿಸಿ ಆಗಲ್ವಾ ಅಂದ್ರೆ ಎಷ್ಟೋ ಕಡೆ ಆಗುತ್ತೆ. ಹೇಗೆ ಬದುಕುತ್ತೆ? ಬೆಟ್ಟದ ಪಕ್ಕದಲ್ಲಿ ಬಂಡೆ ಒಡೆದು ಉರುಳಿ ಬಂದು ರಾಶಿ ಬಿದ್ದಿರುತ್ತಲ್ಲ, ಆ ಕಲ್ಲುರಾಶಿ ಅದರ ಮನೆ. ಮೇಲಿನ ಕಲ್ಲು ಕೈ ಇಡೋಕಾಗದಷ್ಟು ಕಾದಿದ್ರೂ ಒಂದು ಮೀಟರ್ ಕೆಳಗೆ ಸಂದಿಯಲ್ಲಿ ರಾತ್ರಿಯ ತಣ್ಣನೆ ಗಾಳಿ ಇನ್ನೂ ಕೂತಿರುತ್ತೆ. ಬೆಳಿಗ್ಗೆ ಬೇಗ, ಸಂಜೆ ಲೇಟಾಗಿ ಹೊರಗೆ ಬಂದು ಬಾಯ್ತುಂಬ ಹುಲ್ಲು ಹೂವು ಕಚ್ಚಿಕೊಂಡು ಓಡಿ ಹೋಗಿ ಕಲ್ಲಿನ ಅಡಿ ಪೇರಿಸುತ್ತೆ, ಚಳಿಗಾಲಕ್ಕೆ ಬಣವೆ ಒಟ್ಟೋದು, ಯಾಕಂದ್ರೆ ಇದು ಚಳಿಗಾಲ ಪೂರ್ತಿ ನಿದ್ದೆ ಹೊಡೆಯೋ ಪ್ರಾಣಿ ಅಲ್ಲ. ಬಿಸಿಲೇರಿದ್ರೆ ಸಂದಿಯೊಳಗೆ. ಅದರ ದಿನಚರಿ ಪೂರ್ತಿ ಆ ಮೂರು ಡಿಗ್ರಿ ಬರೆದಿದ್ದು. ಇನ್ನೂ ಒಂದು ವಿಷಯ ಕೇಳಿ, ಅಮೆರಿಕದ ಕೊಲಂಬಿಯಾ ನದಿ ಕಣಿವೆಯಲ್ಲಿ ಸಮುದ್ರಮಟ್ಟಕ್ಕೆ ತುಂಬ ಹತ್ತಿರದಲ್ಲೂ ಪೀಕಾ ಇದಾವೆ, ಮ್ಯಾಪ್ ನೋಡಿದ್ರೆ ಅಲ್ಲಿ ಇರಲೇಬಾರದು. ಅಲ್ಲಿಯ ಕಲ್ಲುರಾಶಿ ಮೇಲೆ ದಪ್ಪ ಪಾಚಿ ಹಾಸಿಗೆ ಥರ ಬೆಳೆದಿದೆ, ಅದು ಒಳಗೆ ತಂಪು ಹಿಡಿದಿಡುತ್ತೆ, ಜೊತೆಗೆ ಅದನ್ನೇ ತಿಂತವೆ ಕೂಡ.

ಇದರ ಉಲ್ಟಾನೂ ಇದೆ. ಹಿಮ ಬೀಳೋ ಕಡೆ ಹೊರಗೆ ಮೈನಸ್ 30 ಇದ್ರೂ, ಹಿಮ ದಪ್ಪಗೆ ಬಿದ್ದಿದ್ರೆ ಅದರ ಅಡಿಯಲ್ಲಿ ನೆಲಕ್ಕೆ ಹತ್ತಿಕೊಂಡ ಜಾಗ ಸೊನ್ನೆ ಡಿಗ್ರಿ ಆಸುಪಾಸಲ್ಲೇ ಇರುತ್ತೆ, ಸಣ್ಣ ಇಲಿಗಳು, ಇಲಿ ಬಳಗದ ಲೆಮ್ಮಿಂಗ್‌ಗಳು ಚಳಿಗಾಲವನ್ನ ಅದರೊಳಗೆ ಸುರಂಗ ಮಾಡಿಕೊಂಡು ಕಳೀತವೆ. ಹಿಮ ಅವಕ್ಕೆ ಕಂಬಳಿ. ಚಳಿ ಕಮ್ಮಿಯಾಗಿ ಹಿಮ ತೆಳ್ಳಗಾದ ವರ್ಷ ಅವು ಆರಾಮಾಗಿರಬೇಕಿತ್ತು ಅಂತ ನಮಗನ್ಸುತ್ತೆ, ಆದ್ರೆ ಕಂಬಳಿ ಹೋಗಿ ಚಳಿಗೆ ಸಾಯ್ತವೆ.

ಕಾಡಿನ ಮರಗಳು ಮಾಡೋದೂ ಇದೇ ಕೆಲಸ. ಪ್ರಪಂಚದ ಬೇರೆ ಬೇರೆ ಕಾಡುಗಳಲ್ಲಿ ಅಳತೆ ಮಾಡಿದ್ದನ್ನೆಲ್ಲ ಕೂಡಿಸಿ 2019ರಲ್ಲಿ ಲೆಕ್ಕ ಹಾಕಿದಾಗ, ದಿನದ ಅತಿ ಹೆಚ್ಚಿನ ಟೆಂಪರೇಚರ್ ಮರಗಳ ಕೆಳಗೆ ಹೊರಗಿಗಿಂತ ಸರಾಸರಿ 4 ಡಿಗ್ರಿ ಕಮ್ಮಿ ಬಂತು. ನಾಲ್ಕು ಡಿಗ್ರಿ ಅಂದ್ರೆ ಏನು ಅಂತ ತಿಳೀಬೇಕಾದ್ರೆ ಬೆಟ್ಟ ಹತ್ತಿ ನೋಡಿ, ಒಂದು ಕಿಲೋಮೀಟರ್ ಮೇಲೇರಿದ್ರೆ ಸುಮಾರು ಆರು ಆರೂವರೆ ಡಿಗ್ರಿ ಇಳಿಯುತ್ತೆ. ಅಂದ್ರೆ ಮರ ಕಡಿದ ದಿನ ಆ ನೆಲದಲ್ಲಿದ್ದ ಕಪ್ಪೆ, ಹುಳ, ಸಸಿಗಳನ್ನ ಬೆಟ್ಟದ ಮೇಲಿಂದ ಆರುನೂರು ಮೀಟರ್ ಕೆಳಕ್ಕೆ ಎತ್ತಿ ಹಾಕಿದ ಹಾಗೆ, ಒಂದೇ ದಿನದಲ್ಲಿ. ಹವಾಮಾನದ ಮ್ಯಾಪಲ್ಲಿ ಏನೂ ಬದಲಾಗಿರಲ್ಲ. ಇದನ್ನ ಬರೀವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ನೀರಿನ ಕಥೆನೂ ಹಾಗೇ. ಆಫ್ರಿಕಾದ ನಮೀಬ್ ಮರುಭೂಮಿಯಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು, ಆದ್ರೆ ಸಮುದ್ರದಿಂದ ಮಂಜು ಬರುತ್ತೆ, ಅಲ್ಲಿ ಒಂದು ಕಪ್ಪು ಜೀರುಂಡೆ ಮಂಜು ಬಂದ ಹೊತ್ತಿಗೆ ಮರಳುದಿಬ್ಬದ ನೆತ್ತಿಗೆ ಹತ್ತಿ, ತಲೆ ಕೆಳಗೆ ಹಿಂಭಾಗ ಮೇಲೆ ಮಾಡಿ ಗಾಳಿಗೆ ಎದುರಾಗಿ ನಿಲ್ಲುತ್ತೆ, ಮೈಮೇಲೆ ಹನಿ ಕಟ್ಟಿ ಬೆನ್ನಗುಂಟ ಜಾರಿ ಬಾಯಿಗೇ ಬರುತ್ತೆ. ಮಳೆ ಲೆಕ್ಕದಲ್ಲಿ ಅದಕ್ಕೆ ಅಲ್ಲಿ ಜಾಗ ಇಲ್ಲ, ದಿಬ್ಬದ ನೆತ್ತಿಯಲ್ಲಿ ಇದೆ.

ಇನ್ನೊಂದು ತಪ್ಪು ತಿಳುವಳಿಕೆ ಅಂದ್ರೆ ಸರಾಸರಿ. ಈ ಮರ 22 ಡಿಗ್ರಿ ಇರೋ ಕಡೆ ಬೆಳೆಯುತ್ತೆ ಅಂತೆಲ್ಲ ಬರೆದಿರ್ತಾರೆ, ಆದ್ರೆ ಯಾವ ಮರನೂ ಸರಾಸರಿಗೆ ಸಾಯಲ್ಲ, ಸಾಯೋದು ಹತ್ತು ವರ್ಷಕ್ಕೊಮ್ಮೆ ಬರೋ ಒಂದು ರಾತ್ರಿಗೆ. ಅದೂ ದೊಡ್ಡ ಮರ ಅಲ್ಲ, ಅದರ ಮೊಳಕೆ. ಉತ್ತರ ಅಮೆರಿಕದ ಸೊನೋರಾ ಮರುಭೂಮಿಯ ಸಗ್ವಾರೋ ಕಳ್ಳಿ ನೀವು ಚಿತ್ರದಲ್ಲಿ ನೋಡಿರ್ತೀರಿ, ಕೈ ಎತ್ತಿ ನಿಂತ ಮನುಷ್ಯನ ಥರ, ನೂರೈವತ್ತು ವರ್ಷ ಬದುಕುತ್ತೆ, ಸುಡೋ ಬಿಸಿಲಿಗೆ ಜಗ್ಗಲ್ಲ. ಆದ್ರೆ ಅದರ ಮೊಳಕೆ ಮೊದಲ ಎಂಟು ವರ್ಷದಲ್ಲಿ ಬೆಳೆಯೋದು ಹೆಬ್ಬೆರಳ ಒಂದು ಗೆಣ್ಣಿನಷ್ಟು, ಮೂರ್ನಾಲ್ಕು ಸೆಂಟಿಮೀಟರ್. ಅಷ್ಟು ಸಣ್ಣದರೊಳಗೆ ನೀರು ಎಷ್ಟಿರುತ್ತೆ, ಬೇಸಿಗೆಯಲ್ಲಿ ಒಂದು ವಾರ ಬಿಸಿಲು ಬಿದ್ರೆ ಮುಗೀತು, ಚಳಿಗಾಲದಲ್ಲಿ ಒಂದು ರಾತ್ರಿ ಹಿಮಗಟ್ಟಿದ್ರೂ ಮುಗೀತು. ಅದಕ್ಕೇ ಬದುಕಿ ಉಳಿದ ಎಳೇ ಸಗ್ವಾರೋಗಳನ್ನ ಹುಡುಕಿಕೊಂಡು ಹೋದ್ರೆ ಹೆಚ್ಚಿನವು ಯಾವುದೋ ಪಾಲೋ ವರ್ಡೆ ಮರದ ಕೆಳಗೇ ಸಿಗ್ತವೆ. ಹಗಲು ಆ ಮರ ನೆರಳು ಕೊಡುತ್ತೆ, ರಾತ್ರಿ ನೆಲದ ಬಿಸಿ ಆಕಾಶಕ್ಕೆ ಹಾರಿಹೋಗದ ಹಾಗೆ ಕೊಂಬೆ ಅಡ್ಡ ಇರುತ್ತೆ, ಕಡಿಯೋ ಇಲಿಗಳ ಕಣ್ಣಿಗೂ ಬೀಳಲ್ಲ. ಸಾಕುತಾಯಿ ಮರ ಅಂತಾರೆ ಇಂಥದ್ದನ್ನ. ಹಾಗಾಗಿ ಮ್ಯಾಪಲ್ಲಿ ಸಗ್ವಾರೋ ಗಡಿ ಅಂತ ಗೆರೆ ಎಳೆದಿದ್ರೆ ಆ ಗೆರೆ ಹೇಳೋದು ಈ ಗಡಿಯೊಳಗೆ ಮೊಳಕೆ ಉಳೀತು, ಆಚೆಗೆ ಉಳೀಲಿಲ್ಲ ಅಂತ. ದೊಡ್ಡ ಗಿಡವೂ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಸೊನ್ನೆಗಿಂತ ಕೆಳಗಿನ ಚಳಿ ಹಿಡಿದ್ರೆ ತಡೆಯಲ್ಲ.

ಫ್ಲೋರಿಡಾದ ಮ್ಯಾಂಗ್ರೋವ್ ಕಾಡೂ ಇದನ್ನೇ ಹೇಳುತ್ತೆ, ಅದರ ಉತ್ತರದ ಅಂಚು ಸರಾಸರಿ ಚಳಿಯನ್ನ ಅನುಸರಿಸಲ್ಲ, ಮೈನಸ್ 4 ಡಿಗ್ರಿಗಿಂತ ಕೆಳಗಿಳಿಯೋ ದಿನಗಳು ಎಷ್ಟು ಸಲ ಬರ್ತವೆ ಅನ್ನೋದನ್ನ ಅನುಸರಿಸುತ್ತೆ, ಅಂಥ ದಿನಗಳು ಕಮ್ಮಿಯಾದ ಹಾಗೆ ಮ್ಯಾಂಗ್ರೋವ್ ಉತ್ತರಕ್ಕೆ ಹರಡಿದೆ. ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಶೋಲಾ ಅನ್ನೋ ಗಿಡ್ಡ ಕಾಡು ಬೆಟ್ಟಗಳ ನಡುವಿನ ಮಡಿಕೆಯಲ್ಲಿ, ಹುಲ್ಲು ಬಯಲಲ್ಲಿ ಇರೋದಕ್ಕೂ ಹುಲ್ಲಿನ ಮೇಲೆ ರಾತ್ರಿ ಬೀಳೋ ಹಿಮ ಒಂದು ಮುಖ್ಯ ಕಾರಣ, ಶೋಲಾ ಮರದ ಸಸಿ ಕಾಡಿನೊಳಗೆ ಬದುಕುತ್ತೆ, ಹತ್ತು ಹೆಜ್ಜೆ ಆಚೆ ಬಯಲಲ್ಲಿ ಎಲೆ ಸುಟ್ಟುಹೋಗುತ್ತೆ.

ಬೆಟ್ಟದಲ್ಲಿ ಒಂದು ಎತ್ತರ ಆದ್ಮೇಲೆ ಮರವೇ ಇರಲ್ಲ, ಆದ್ರೆ ಹೂಬಿಡೋ ಸಣ್ಣ ಗಿಡಗಳು ಇನ್ನೂ ಮೇಲೆಲ್ಲ ಇರ್ತವೆ, ಇದು ಯಾಕೆ ಅಂತ ಕೇಳಿದ್ರೆ ಹೆಚ್ಚಿನವರು ಮರ ಚಳಿ ತಡೆಯಲ್ಲ ಅಂತಾರೆ, ಹಾಗಾದ್ರೆ ಆ ಪುಟ್ಟ ಗಿಡ ಚಳಿ ಹೇಗೆ ತಡೆಯುತ್ತೆ? ಮರ ಎತ್ತರಕ್ಕೆ ಹೋದಷ್ಟೂ ಅದರ ತಲೆ ಗಾಳಿಯಲ್ಲಿರುತ್ತೆ, ಗಾಳಿ ಎಷ್ಟು ತಣ್ಣಗಿದೆಯೋ ಚಿಗುರೂ ಅಷ್ಟೇ ತಣ್ಣಗೆ. ಬೆಳೆಯೋ ಕಾಲದ ಸರಾಸರಿ ಸುಮಾರು ಆರು ಡಿಗ್ರಿಗಿಂತ ಕೆಳಗಿಳಿದ್ರೆ ಹೊಸ ಕೋಶ ಮಾಡೋ ಕೆಲಸವೇ ನಿಂತುಹೋಗುತ್ತೆ. ನೆಲಕ್ಕೆ ಅಂಟಿಕೊಂಡು ಕಲ್ಲಿನ ಸಂದಿಯಲ್ಲಿ ಕೂತ ಗಿಡಕ್ಕೆ ಬಿಸಿಲು ಬೀಳುತ್ತೆ, ಗಾಳಿ ಅಷ್ಟಾಗಿ ತಾಕಲ್ಲ, ಅದರ ಎಲೆಗಳ ನಡುವೆ ಗಾಳಿಗಿಂತ ಹತ್ತು ಡಿಗ್ರಿ ಹೆಚ್ಚಿದ್ರೂ ಆಶ್ಚರ್ಯ ಇಲ್ಲ. ಇಬ್ಬರೂ ಒಂದೇ ಬೆಟ್ಟ, ಒಂದೇ ಎತ್ತರ, ಮೈಗೆ ತಾಕೋ ಹವೆ ಬೇರೆ.

ಈಗ ಅಕ್ಕಪಕ್ಕದವರ ವಿಷಯ. ಹವೆ ಒಪ್ಪಿದ್ರೂ ಜಾಗ ಸಿಗಬೇಕಲ್ಲ. ಸಮುದ್ರದ ಬಂಡೆ ಮೇಲೆ ಬಿಳಿ ಗುಳ್ಳೆ ಥರ ಅಂಟಿಕೊಂಡಿರ್ತವಲ್ಲ, ಕಾಲಿಗೆ ತರಚುತ್ತೆ, ಅವು ಬಾರ್ನಕಲ್‌ಗಳು, ಸೀಗಡಿ ಏಡಿಗಳ ಬಳಗ, ಮರಿ ಇದ್ದಾಗ ನೀರಲ್ಲಿ ತೇಲ್ತಾ ಇದ್ದು ಒಮ್ಮೆ ಒಂದು ಕಡೆ ಅಂಟಿಕೊಂಡ್ರೆ ಜೀವನ ಪೂರ್ತಿ ಅಲ್ಲೇ. ಸ್ಕಾಟ್ಲೆಂಡಿನ ಒಂದು ತೀರದಲ್ಲಿ ಎರಡು ಜಾತಿ ಇದ್ವು, ಮೇಲಿನ ಪಟ್ಟಿಯಲ್ಲಿ ಸಣ್ಣದಾದ ಕ್ಥಮಾಲಸ್, ಕೆಳಗಿನ ಪಟ್ಟಿಯಲ್ಲಿ ದೊಡ್ಡದಾದ ಬಲಾನಸ್, ಮಧ್ಯೆ ಗೆರೆ ಎಳೆದ ಹಾಗೆ. ಜೋಸೆಫ್ ಕಾನೆಲ್ ಅನ್ನೋ ವಿಜ್ಞಾನಿ ಮೇಲಿನ ಕಲ್ಲುಗಳನ್ನ ಕ್ಥಮಾಲಸ್ ಸಮೇತ ಕೆಳಗಿನ ಪಟ್ಟಿಗೆ ತಂದಿಟ್ರು, ಮೇಲೆ ಬಲಾನಸ್ ಮರಿಗಳು ಬಂದು ಕೂತ್ಮೇಲೆ ಕಲ್ಲಿನ ಅರ್ಧ ಭಾಗದಲ್ಲಿ ಅವನ್ನ ಕೆರೆದು ತೆಗೀತಾ ಇದ್ರು, ಇನ್ನರ್ಧ ಹಾಗೇ ಬಿಟ್ರು, ಒಂದೊಂದು ಗುಳ್ಳೆ ಎಲ್ಲಿತ್ತು ಅಂತ ಗುರುತು ಹಾಕಿ ಮತ್ತೆ ಮತ್ತೆ ಹೋಗಿ ನೋಡಿದ್ರು. ಕೆರೆದ ಕಡೆ ಕ್ಥಮಾಲಸ್ ಕೆಳಗೂ ಚೆನ್ನಾಗೇ ಬದುಕಿತು. ಬಿಟ್ಟ ಕಡೆ ಬಲಾನಸ್ ಬೇಗ ಬೆಳೆದು ಅದರ ಅಡಿಗೆ ನುಗ್ಗಿ ಕಿತ್ತೆಬ್ಬಿಸಿತು, ಮೇಲೆ ಹತ್ತಿ ಮುಚ್ಚಿಬಿಡ್ತು. ಬಲಾನಸ್ ಮೇಲಿನ ಪಟ್ಟಿಗೆ ಯಾಕೆ ಹೋಗಲ್ಲ ಅಂದ್ರೆ ನೀರಿಳಿದ ಹೊತ್ತಲ್ಲಿ ಒಣಗಿ ಸಾಯುತ್ತೆ. 1961ರಲ್ಲಿ ಬಂದ ಈ ಕೆಲಸ ನನಗೆ ಇವತ್ತಿಗೂ ಮೈ ಜುಮ್ಮೆನಿಸುತ್ತೆ, ಒಂದು ಚಾಕು, ಒಂದಿಷ್ಟು ಕಲ್ಲು, ತಾಳ್ಮೆ, ಇಷ್ಟರಲ್ಲೇ ತೋರಿಸಿಬಿಟ್ರು: ಒಂದು ಅಂಚನ್ನ ಹವೆ ಬರೆಯುತ್ತೆ, ಇನ್ನೊಂದನ್ನ ನೆರೆಯವರು ಬರೀತಾರೆ. ಹಾಗಾಗಿ ಒಂದು ಜೀವಿ ಇಲ್ಲಿದೆ ಅಂದ ತಕ್ಷಣ ಅದಕ್ಕೆ ಇಲ್ಲೇ ಇಷ್ಟ ಅಂತ ಅನ್ಕೋಬೇಡಿ, ಉಳಿದ ಜಾಗದಿಂದ ಓಡಿಸಲ್ಪಟ್ಟು ಇಲ್ಲಿರಬಹುದು.

ಇನ್ನು ಪೆಂಗ್ವಿನ್. ಇಲ್ಲಿ ಚಳಿ ಅನ್ನೋದನ್ನ ಸ್ವಲ್ಪ ಪಕ್ಕಕ್ಕಿಡಿ. ಪೆಂಗ್ವಿನ್ ಹುಟ್ಟಿದ್ದೇ ದಕ್ಷಿಣ ಗೋಳಾರ್ಧದ ಸಮುದ್ರಗಳಲ್ಲಿ, ಹಾರಲಾಗದ ಹಕ್ಕಿ ಉತ್ತರಕ್ಕೆ ಹೋಗಬೇಕಾದ್ರೆ ಮಧ್ಯೆ ಸಾವಿರಾರು ಕಿಲೋಮೀಟರ್ ಬೆಚ್ಚಗಿನ ಸಮುದ್ರ ಈಜಬೇಕು, ಬೆಚ್ಚಗಿನ ನೀರಲ್ಲಿ ಅದಕ್ಕೆ ಬೇಕಾದಷ್ಟು ಮೀನು ಸಿಗಲ್ಲ. ಒಂದು ಪೆಂಗ್ವಿನ್ ಮಾತ್ರ ಸಮಭಾಜಕ ವೃತ್ತದವರೆಗೂ ಬಂದಿದೆ, ಗಲಪಗೋಸ್ ದ್ವೀಪದ್ದು, ಅಲ್ಲಿಗೆ ಸಮುದ್ರದ ತಣ್ಣನೆ ಪ್ರವಾಹಗಳು ಆಳದಿಂದ ಆಹಾರ ಹೊತ್ತು ತರ್ತವೆ ಅಂತ, ಅದರಲ್ಲಿ ಕೆಲವು ಗೆರೆ ದಾಟಿ ಸ್ವಲ್ಪ ಉತ್ತರದಲ್ಲೂ ಇದಾವೆ. ನಿಮ್ಮ ಮಗಳಿಗೆ ಇದನ್ನ ಖಂಡಿತ ಹೇಳಿ: ಉತ್ತರದಲ್ಲಿ ಆ ಕೆಲಸಕ್ಕೆ ಬೇರೆ ಹಕ್ಕಿ ಇತ್ತು. ಗ್ರೇಟ್ ಆಕ್ ಅಂತ, ಕಪ್ಪು ಬಿಳಿ ಬಣ್ಣ, ಹಾರ್ತಿರಲಿಲ್ಲ, ನೆಟ್ಟಗೆ ನಿಲ್ತಿತ್ತು, ಮುಳುಗಿ ಮೀನು ಹಿಡೀತಿತ್ತು, ಪೆಂಗ್ವಿನ್ ಅನ್ನೋ ಹೆಸರು ಮೊದಲು ಅದಕ್ಕೇ ಇದ್ದಿದ್ದು, ಆಮೇಲೆ ನಾವಿಕರು ದಕ್ಷಿಣದಲ್ಲಿ ಅದೇ ಥರದ್ದನ್ನ ಕಂಡು ಆ ಹೆಸರು ಕೊಟ್ರು. ನೆಲದ ಮೇಲೆ ಕರಡಿ ನರಿ ಓಡಾಡೋ ಉತ್ತರದಲ್ಲಿ ಹಾರದ ಹಕ್ಕಿ ಮೊಟ್ಟೆ ಇಡಬೇಕಾದ್ರೆ ಅವು ತಲುಪದ ಕಲ್ಲುದ್ವೀಪ ಬೇಕು, ಅಂಥ ದ್ವೀಪಗಳಿಗೆ ಮನುಷ್ಯ ತಲುಪಿದ, 1844ರಲ್ಲಿ ಐಸ್‌ಲ್ಯಾಂಡ್ ಹತ್ತಿರದ ಎಲ್ಡೇ ದ್ವೀಪದಲ್ಲಿ ಕೊನೇ ಜೋಡಿಯನ್ನ ಕೊಂದ್ರು. ಹಿಮಕರಡಿ ದಕ್ಷಿಣದಲ್ಲಿ ಇಲ್ಲದ್ದಕ್ಕೂ ಕಾರಣ ಇಂಥದ್ದೇ, ಅದು ಉತ್ತರದ ಕಂದು ಕರಡಿ ಬಳಗದಿಂದ ಬಂದದ್ದು, ದಕ್ಷಿಣಕ್ಕೆ ದಾರಿ ಇರಲಿಲ್ಲ.

ದಾರಿ ಇತ್ತಾ ಇಲ್ವಾ ಅನ್ನೋದು ಎಷ್ಟು ದೊಡ್ಡ ವಿಷಯ ಅಂದ್ರೆ, ಇಂಡೋನೇಷ್ಯಾದ ಬಾಲಿ ಮತ್ತು ಲೊಂಬೋಕ್ ದ್ವೀಪಗಳ ನಡುವೆ ಸುಮಾರು 35 ಕಿಲೋಮೀಟರ್ ನೀರಿದೆ, ಹವಾಮಾನ ಹೆಚ್ಚುಕಮ್ಮಿ ಒಂದೇ, 1856ರಲ್ಲಿ ಆಲ್ಫ್ರೆಡ್ ರಸೆಲ್ ವಾಲೆಸ್ ಅನ್ನೋ ಜೀವವಿಜ್ಞಾನಿ ಬಾಲಿಯಿಂದ ಲೊಂಬೋಕ್‌ಗೆ ದಾಟಿದಾಗ ಹಕ್ಕಿಗಳೇ ಬದಲಾಗಿ ಹೋಗಿದ್ವು, ಈ ಕಡೆ ಏಷ್ಯಾದ ಮರಕುಟಿಗಗಳು, ಆ ಕಡೆ ಆಸ್ಟ್ರೇಲಿಯಾ ಬಳಗದ ಕಾಕಟೂ. ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಇಳಿದು ಎಷ್ಟೋ ದ್ವೀಪಗಳು ಒಂದಾದ್ರೂ ಇದು ಅಷ್ಟು ಆಳ ಇದ್ದಿದ್ರಿಂದ ನೆಲ ಕೂಡಲೇ ಇಲ್ಲ. ಹವೆ ಒಪ್ಪೋ ಜಾಗ ಖಾಲಿ ಬಿದ್ದಿರುತ್ತೆ ಅನ್ನೋದಕ್ಕೆ ಆಸ್ಟ್ರೇಲಿಯಾದ ಮೊಲ ಸಾಕ್ಷಿ, 1859ರಲ್ಲಿ ಥಾಮಸ್ ಆಸ್ಟಿನ್ ಅನ್ನೋರು ಬೇಟೆಗೆ ಅಂತ 24 ಮೊಲ ತಂದು ಬಿಟ್ರು, ಐವತ್ತೇ ವರ್ಷದಲ್ಲಿ ಖಂಡದ ಬಹುಭಾಗ ಮೊಲ.

ಈ ಗಡಿಗಳು ಈಗ ಸರೀತಾ ಇದಾವೆ. 1802ರಲ್ಲಿ ಹಂಬೋಲ್ಟ್ ಅನ್ನೋ ಜರ್ಮನ್ ವಿಜ್ಞಾನಿ ಈಕ್ವೆಡಾರಿನ ಚಿಂಬೊರಾಜೋ ಸುತ್ತಮುತ್ತಲ ಪರ್ವತಗಳನ್ನ ಹತ್ತಿ ಯಾವ ಎತ್ತರದಲ್ಲಿ ಯಾವ ಗಿಡ ಅಂತ ಬರೆದಿಟ್ಟಿದ್ರು. 2012ರಲ್ಲಿ ವಿಜ್ಞಾನಿಗಳು ಮತ್ತೆ ಹತ್ತಿ ನೋಡಿ ಗಿಡಗಳು 500 ಮೀಟರ್‌ಗಿಂತ ಮೇಲೆ ಹೋಗಿವೆ ಅಂದ್ರು, ಆಮೇಲೆ ಹಳೇ ದಾಖಲೆಗಳಲ್ಲಿ ಹೆಚ್ಚಿನವು ಆಂಟಿಸಾನಾ ಅನ್ನೋ ಬೇರೆ ಪರ್ವತದ್ದು ಅಂತ ಗೊತ್ತಾಗಿ 2019ರಲ್ಲಿ ಲೆಕ್ಕ ತಿದ್ದಿ 215ರಿಂದ 266 ಮೀಟರ್ ಅಂತ ಮಾಡಿದ್ರು. ತಿದ್ದಿದ ಅಂಕಿಯೂ ಸಣ್ಣದಲ್ಲ. ಮೇಲೆ ಹೋಗೋ ಜೀವಿಗೆ ಬೆಟ್ಟ ಕಿರಿದಾಗ್ತಾ ಹೋಗುತ್ತೆ, ತುದಿ ಆದ್ಮೇಲೆ ಆಕಾಶ. ಅದರಲ್ಲೂ ಉಷ್ಣವಲಯದ ಜೀವಿಗಳಿಗೆ ಕಷ್ಟ ಜಾಸ್ತಿ, 1967ರಲ್ಲೇ ಡೇನಿಯಲ್ ಜಾನ್ಜೆನ್ ಅನ್ನೋ ವಿಜ್ಞಾನಿ ಇದರ ಬೇರು ಹೇಳಿದ್ರು: ವರ್ಷ ಪೂರ್ತಿ ಒಂದೇ ಥರ ಬಿಸಿ ಇರೋ ಕಡೆ ಬೆಳೆದ ಜೀವಿಗೆ ಏರಿಳಿತ ತಡೆದುಕೊಂಡು ಅಭ್ಯಾಸ ಇರಲ್ಲ, ಚಳಿ ಬಿಸಿಲು ಎರಡೂ ಕಂಡ ಸಮಶೀತೋಷ್ಣದ ಜೀವಿ ದಾಟೋ ಘಾಟಿ ಇದಕ್ಕೆ ಗೋಡೆ. ನಡುವೆ ರಸ್ತೆ, ಖಾಲಿ ಬಯಲು ಬಂದ್ರೆ ಮೇಲಿನ ತಂಪು ಜಾಗ ಇದ್ರೂ ತಲುಪಕ್ಕಾಗಲ್ಲ.

ಈಗ ನಿಮ್ಮ ಕಪ್ಪೆಗೆ ವಾಪಸ್ ಬರೋಣ. ತೊರೆ ಪಕ್ಕದ ಎಷ್ಟೋ ಕಪ್ಪೆಗಳು ನೀರಿನ ಮೇಲೆ ಬಾಗಿದ ಎಲೆಗೆ ಮೊಟ್ಟೆ ಅಂಟಿಸ್ತವೆ, ಮರಿ ಒಡೆದಾಗ ಸೀದಾ ನೀರಿಗೆ ಬೀಳಲಿ ಅಂತ. ಅಂದ್ರೆ ಅದಕ್ಕೆ ಬಾಗಿದ ಎಲೆ ಬೇಕು, ಆ ಎಲೆ ಒಣಗದಷ್ಟು ನೀರಿನ ತೇವ ಬೇಕು, ಬೀಳೋ ಹೊತ್ತಿಗೆ ಕೆಳಗೆ ನೀರಿರಬೇಕು, ಮರಿಗಳನ್ನ ತಿನ್ನೋ ಮೀನು ಹೆಚ್ಚಿರಬಾರದು. ಇನ್ನೂರು ಮೀಟರ್ ಆಚೆ ಇನ್ನೊಂದು ತೊರೆಯಲ್ಲಿ ಮರ ತೆಳ್ಳಗಿದ್ದು ಮಧ್ಯಾಹ್ನ ಎರಡು ಗಂಟೆ ಬಿಸಿಲು ಬಿದ್ರೆ ಮೊಟ್ಟೆಯ ಲೋಳೆ ಗಟ್ಟಿಯಾಗಿ ಮರಿ ಒಳಗೇ ಉಳಿಯುತ್ತೆ, ಇಷ್ಟೇ ಕಾರಣ ಸಾಕು. ಮಳೆಮಾಪಕದಲ್ಲಿ ಎರಡೂ ಕಡೆ ಒಂದೇ ಅಂಕಿ.

ಮಗಳಿಗೆ ತೋರಿಸಬೇಕಂದ್ರೆ ಗಾಳಿಯ ಬಿಸಿ ಅಳೆಯೋ ಒಂದು ಸಾಧಾರಣ ಥರ್ಮಾಮೀಟರ್ (ಜ್ವರ ನೋಡೋದಲ್ಲ) ತಗೊಂಡು ಬೇಸಿಗೆ ಮಧ್ಯಾಹ್ನ ಒಂದು ಗಂಟೆಗೆ ಮರ ಇರೋ ಯಾವುದಾದ್ರೂ ಜಾಗಕ್ಕೆ ಕರ್ಕೊಂಡು ಹೋಗಿ. ಮೊದಲು ನೆರಳಲ್ಲಿ ಎದೆಮಟ್ಟಕ್ಕೆ ಹಿಡಿದು ಬರೆದುಕೊಳ್ಳಲಿ. ಆಮೇಲೆ ಬಿಸಿಲು ಬಿದ್ದ ಖಾಲಿ ಮಣ್ಣಿಗೆ ತುದಿ ಸ್ವಲ್ಪ ಹೂತು ಐದು ನಿಮಿಷ ಕಾಯಲಿ, 50 ಡಿಗ್ರಿ ದಾಟಿದ್ರೂ ಗಾಬರಿ ಬೇಡ. ಆಮೇಲೆ ಮರದ ಕೆಳಗೆ ತರಗೆಲೆ ಸರಿಸಿ ಅಡಿಗೆ ಇಡಲಿ, ಕೊನೆಗೆ ಒಂದು ದೊಡ್ಡ ಕಲ್ಲನ್ನ ಕೋಲಿಂದ ಮೀಟಿ ಎತ್ತಿ ಅದರ ಅಡಿ, ಕೈ ಹಾಕೋದು ಬೇಡ, ಚೇಳು ಇರಬಹುದು. ನಾಲ್ಕೂ ಅಂಕಿ ಪಕ್ಕಪಕ್ಕ ಬರೆದು, ಪ್ರತಿಯೊಂದರ ಮುಂದೆ ಅಲ್ಲಿ ಯಾವ ಜೀವಿ ಕಂಡ್ತು ಅಂತಲೂ ಬರೆಯಲಿ, ಕಲ್ಲನ್ನ ಮೊದಲಿದ್ದ ಹಾಗೇ ವಾಪಸ್ ಇಡೋದು ಮರೀಬೇಡಿ, ಅಡಿ ಇರೋವಕ್ಕೆ ಆ ತಂಪೇ ಮನೆ.